ಮೂರನೇ ಸೀಸೆಯ ಹೊತ್ತಿಗೆ

ತಗ್ಗಿನಲ್ಲಿ ಹದಿನಾಲ್ಕು ಮನೆಗಳಿದ್ದವು. ಹದಿನಾಲ್ಕರಲ್ಲೂ ಕರೆಯುವ ಹಸುಗಳಿದ್ದವು. ಹಾಲಿನ ಲಾರಿ ಮಾತ್ರ ಮೇಲಿನ ರಸ್ತೆಗೆ ಬರುತ್ತಿತ್ತು. ತಗ್ಗಿನಿಂದ ರಸ್ತೆಗೆ ಗಾಡಿ ಹತ್ತುವ ದಾರಿ ಇರಲಿಲ್ಲ. ಕಲ್ಲು ಜೋಡಿಸಿದ ಒಂದು ಕಾಲುದಾರಿ, ಏಳು ತಿರುವು, ಅಲ್ಲಲ್ಲಿ ಮೆಟ್ಟಿಲು. ಬರಿಗೈಲಿ ಹತ್ತಿದರೆ ಕಾಲು ಗಂಟೆ, ಹೊರೆ ಹೊತ್ತರೆ ಇಪ್ಪತ್ತು ನಿಮಿಷ, ಮಾತಾಡಿಕೊಂಡು ಹತ್ತಿದರೆ ಲಾರಿ ಹೋಗಿಯೇಬಿಟ್ಟಿರುತ್ತಿತ್ತು.

ಹಾಲು ಹೊರುವವಳನ್ನು ಎಲ್ಲರೂ ಹಾಲತ್ತೆ ಎನ್ನುತ್ತಿದ್ದರು. ಅವಳು ನಿಜವಾಗಿ ಅತ್ತೆಯಾಗಿದ್ದು ತಮ್ಮನ ಇಬ್ಬರು ಮಕ್ಕಳಿಗೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೇಳನೇ ವಯಸ್ಸಿನಲ್ಲಿ ತಮ್ಮನ ಮನೆಗೆ ಬಂದಳು. ಮಕ್ಕಳು ಕರೆದದ್ದನ್ನು ಕೇಳಿ ನೆರೆಯವರು ಕರೆದರು, ನೆರೆಯವರು ಕರೆದದ್ದನ್ನು ಕೇಳಿ ತಗ್ಗೆಲ್ಲ ಕರೆಯಿತು. ಈಗ ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅತ್ತೆ ಎಂದೇ ಕೂಗುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಹಾಲು ಅವಳ ಹೆಗಲ ಮೇಲಿತ್ತು.

ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಗಿನ ಐದೂವರೆಗೆ ಎಲ್ಲ ಮನೆಯವರೂ ಹಾಲನ್ನು ಮೊದಲ ಮನೆಯಾದ ತಮ್ಮನ ಮನೆಯ ಮುಂದಿನ ಚಪ್ಪಡಿ ಕಲ್ಲಿನ ಹತ್ತಿರ ತರುತ್ತಿದ್ದರು. ಹಾಲತ್ತೆ ಒಬ್ಬೊಬ್ಬರ ಹಾಲಿನಿಂದಲೂ ಒಂದು ಪುಟ್ಟ ಸೀಸೆ ತುಂಬಿಕೊಂಡು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಎರಡು ಕ್ಯಾನುಗಳಿಗೆ ಸುರಿಯುತ್ತಿದ್ದಳು. ಸೀಸೆಗಳು ಹದಿನಾಲ್ಕು, ಮುಚ್ಚಳದ ಮೇಲೆ ಮನೆಯ ಸಂಖ್ಯೆ. ಅವನ್ನು ಇಡಲು ಹದಿನಾಲ್ಕು ತೂತಿನ ಮರದ ಪಟ್ಟಿಯೊಂದಿತ್ತು. ಕ್ಯಾನುಗಳನ್ನು ಹೆಗಲಿಗೇರಿಸುವ ಮರದ ಅಡ್ಡೆಯ ಎರಡು ತುದಿಗೆ ಸಿಕ್ಕಿಸಿ, ಸೀಸೆಯ ಪಟ್ಟಿಯನ್ನು ಬೆನ್ನಿಗೆ ಕಟ್ಟಿ, ಅವಳು ಹತ್ತುತ್ತಿದ್ದಳು. ಮೇಲೆ ತಗಡಿನ ಗೂಡೊಂದರಲ್ಲಿ ಹಾಲು ಪರೀಕ್ಷೆ ಮಾಡುವವನು ಕಾಯುತ್ತಿದ್ದ. ಸೀಸೆಗಳ ಹಾಲನ್ನು ಒಂದೊಂದಾಗಿ ಗಾಜಿನ ಕೊಳವೆಗೆ ಸುರಿದು, ತೇಲುವ ಕಡ್ಡಿ ಬಿಟ್ಟು, ಅದು ಎಷ್ಟಕ್ಕೆ ನಿಂತಿತೆಂದು ನೋಡಿ ಬರೆದುಕೊಳ್ಳುವುದು ಅವನ ಕೆಲಸ. ಎಷ್ಟು ಡಿಗ್ರಿ ಎಂದು ದಿನವೂ ಕೇಳಿಸಿಕೊಳ್ಳುತ್ತಿದ್ದವನಿಗೆ ಡಿಗ್ರಿ ಎಂದೇ ಹೆಸರು ನಿಂತಿತ್ತು. ಅವನು ಓದಿದ್ದು ಏಳನೇ ತರಗತಿ.

ತಮ್ಮನ ಹೆಂಡತಿ ಕೆಟ್ಟವಳಲ್ಲ. ಆದರೆ ಒಲೆ ಒಂದು, ಹೆಂಗಸರು ಇಬ್ಬರು. ಹಾಲತ್ತೆ ಬಂದ ಮೊದಲ ವರ್ಷ ಉಪ್ಪಿನ ಡಬ್ಬ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದಕ್ಕೇ ಇಬ್ಬರೂ ಮೂರು ತಿಂಗಳು ಮಾತು ಬಿಟ್ಟಿದ್ದರು. ಹಾಲಿನ ಕೆಲಸ ಸಿಕ್ಕ ಮೇಲೆ ಮನೆ ತಣ್ಣಗಾಯಿತು. ಹಾಲತ್ತೆ ಹೊರಗಿನ ಕೆಲಸದವಳಾದಳು. ಮೇಲಿಂದ ಇಳಿದು ಬಂದರೆ ಅವಳ ಮುಂದೆ ತಟ್ಟೆ ಬರುತ್ತಿತ್ತು, ಅವಳು ಉಣ್ಣುತ್ತಿದ್ದಳು, ಡಬ್ಬ ಎಲ್ಲಿದೆ ಎಂದು ನೋಡುತ್ತಿರಲಿಲ್ಲ. ಹಾಲು ಹೊರುವವಳು ತಮ್ಮನ ಮನೆಯಲ್ಲಿ ಇರುವವಳು. ಹಾಲು ಹೊರದವಳು ತಮ್ಮನ ಮನೆಯಲ್ಲಿ ಬಿದ್ದಿರುವವಳು. ಈ ವ್ಯತ್ಯಾಸವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಹಿಂದಿನ ಚಳಿಗಾಲದಲ್ಲಿ ಅವಳಿಗೊಂದು ಕೆಟ್ಟ ಶೀತ ಹಿಡಿದು ತಿಂಗಳು ಕಳೆದು ಬಿಟ್ಟಿತ್ತು. ಈ ಸಲ ಚಳಿ ಶುರುವಾದ ಎರಡನೇ ವಾರ, ಮೇಲೆ ಹೋಗಿ ಹೊರೆ ಇಳಿಸಿ ನಿಂತಾಗ, ಎದೆಯ ಸುತ್ತ ಯಾರೋ ಪಟ್ಟಿ ಬಿಗಿದಂತಾಯಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುವಾಗ ಸಿಳ್ಳೆ ಹಾಕುತ್ತಿತ್ತು. ಕೆಮ್ಮಿದಳು. ಗೂಡಿನ ಕಂಬ ಹಿಡಿದು ಬಗ್ಗಿ ನಿಂತಳು. ಅರ್ಧ ಗಂಟೆಯಲ್ಲಿ ತಾನಾಗಿಯೇ ಸರಿಹೋಯಿತು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ.

ಅವಳಿಗೆ ವಿಚಿತ್ರವೆನಿಸಿದ್ದು ಇಷ್ಟೇ. ಹತ್ತುವಾಗ ಏನೂ ಆಗುತ್ತಿರಲಿಲ್ಲ. ಏಳು ತಿರುವಿನಲ್ಲಿ ಎಲ್ಲೂ ನಿಲ್ಲದೆ, ಎಂದಿನ ಹೆಜ್ಜೆಯಲ್ಲೇ ಹತ್ತುತ್ತಿದ್ದಳು. ಏದುಸಿರು ಬರುತ್ತಿತ್ತು, ಅದು ಎಲ್ಲರಿಗೂ ಬರುವಂಥದ್ದು. ತಗ್ಗಿನವರು ಕತ್ತೆತ್ತಿ ನೋಡಿದರೆ ಕಾಣುತ್ತಿದ್ದುದು ಈ ಹೆಂಗಸನ್ನೇ, ಬೆನ್ನು ಬಗ್ಗದವಳನ್ನು. ಇಳಿದು ಮನೆಗೆ ಬರುವ ಹೊತ್ತಿಗೆ ಎಲ್ಲ ಮಾಯವಾಗಿರುತ್ತಿತ್ತು. ಕಂಬ ಹಿಡಿದು ನಿಂತವಳನ್ನು ನೋಡುತ್ತಿದ್ದವನು ಡಿಗ್ರಿ ಒಬ್ಬನೇ.

ಡಿಗ್ರಿ ಮಾತು ಕಡಿಮೆ ಇರುವವನು. ಅಳತೆ ಮಾಡುವ ಕೆಲಸದವನಾದ್ದರಿಂದ ಅವಳ ಉಬ್ಬಸವನ್ನೂ ಅಳೆದ. ಹತ್ತು ದಿನ ನೋಡಿ, ಹನ್ನೊಂದನೇ ದಿನ ಹೇಳಿದ. ಮೂರನೇ ಮನೆಯ ಸೀಸೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಶುರುವಾಗುತ್ತದೆ, ಏಳನೇ ಮನೆಯ ಸೀಸೆಗೆ ಜೋರಾಗುತ್ತದೆ, ಹದಿನಾಲ್ಕನೆಯದು ಮುಗಿಯುವಾಗ ಇಳಿಯತೊಡಗುತ್ತದೆ. ಅವನು ಹೇಳಿದ್ದು ಗಡಿಯಾರದ ಮಾತು. ಒಂದೊಂದು ಸೀಸೆಗೆ ಅವನಿಗೆ ಒಂದೂವರೆ ನಿಮಿಷ ಹಿಡಿಯುತ್ತಿತ್ತು. ಹಾಲತ್ತೆ ಮನೆಗೆ ಬಂದು ಅದನ್ನು ತಮ್ಮನ ಹೆಂಡತಿಗೆ ಹೇಳಿದಳು. ತಮ್ಮನ ಹೆಂಡತಿ ನೀರು ಸೇದುವಲ್ಲಿ ಹೇಳಿದಳು. ಅಲ್ಲಿಂದ ಮಾತು ಬೇರೆಯೇ ಬಟ್ಟೆ ತೊಟ್ಟುಕೊಂಡು ಹೊರಟಿತು. ಮೂರನೇ ಮನೆಯ ಹಾಲಿನ ಮುಚ್ಚಳ ತೆಗೆದರೆ ಸಾಕು, ಹಾಲತ್ತೆಗೆ ಉಸಿರು ಕಟ್ಟುತ್ತದಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಒಬ್ಬರು ಆ ಮನೆಯ ಹಸು ಯಾವುದೋ ಗಬ್ಬು ಸೊಪ್ಪು ಮೇಯುತ್ತದೆ ಎಂದರು. ಇನ್ನೊಬ್ಬರು ಆ ಕೊಟ್ಟಿಗೆಯ ಗಾಳಿಯೇ ಸರಿಯಿಲ್ಲ ಎಂದರು. ಮೂರನೇ ಮನೆಯವಳು ಎರಡು ದಿನ ಕೇಳಿಸಿಕೊಂಡಳು. ಮೂರನೇ ದಿನ ಬೆಳಗ್ಗೆ ಚಪ್ಪಡಿ ಕಲ್ಲಿನ ಮೇಲೆ ನಿಂತು, ಎಲ್ಲರೆದುರಿಗೆ ತನ್ನ ಹಸುವಿನ ಹಾಲನ್ನು ಒಂದು ಚೊಂಬು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ಈಗ ನನ್ನ ಎದೆಗೆ ಕಿವಿ ಇಟ್ಟು ಕೇಳೋರು ಯಾರಾದ್ರೂ ಇದ್ದರೆ ಬನ್ನಿ ಎಂದಳು. ಯಾರೂ ಹೋಗಲಿಲ್ಲ. ಅವಳ ಗಂಡ ಕೂಡ ಹೋಗಲಿಲ್ಲ ಎಂದು ಆಮೇಲೆ ನಕ್ಕರು.

ಆ ದಿನ ಹಾಲತ್ತೆ ಡಿಗ್ರಿಗೆ ಹೇಳಿ ಸೀಸೆಗಳ ಸಾಲು ಬದಲಾಯಿಸಿದಳು. ಮೂರನೆಯದನ್ನು ಕೊನೆಗೆ ಇಡಿಸಿದಳು. ಮೂರನೇ ಜಾಗಕ್ಕೆ ಒಂಬತ್ತನೇ ಮನೆಯ ಸೀಸೆ ಬಂತು. ಡಿಗ್ರಿ ಅದನ್ನು ಎತ್ತಿಕೊಳ್ಳುವಾಗಲೇ ಅವಳ ಎದೆ ಸಿಳ್ಳೆ ಹಾಕಿತು. ಮೂರನೇ ಮನೆಯವಳು ಗೆದ್ದಳು, ಉಬ್ಬಸ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಮುಂದಿನ ವಿವರಣೆ ಬಡಗಿಯದು. ಅವಳ ಅಡ್ಡೆಯನ್ನೂ ಸೀಸೆಯ ಪಟ್ಟಿಯನ್ನೂ ಮಾಡಿಕೊಟ್ಟವನು ಅವನೇ; ಎಪ್ಪತ್ತು ದಾಟಿದ ಮನುಷ್ಯ, ತಗ್ಗಿನಲ್ಲಿ ಅವನ ಮಾತಿಗೆ ಬೆಲೆಯಿತ್ತು. ಅವಳನ್ನು ಕೂರಿಸಿಕೊಂಡು ಎಲ್ಲ ಕೇಳಿದ. ಹತ್ತುವಾಗ ಬರುವುದಿಲ್ಲ, ಇಳಿಸಿ ನಿಂತ ಮೇಲೆ ಬರುತ್ತದೆ, ಅಲ್ಲವೇ ಎಂದು ಎರಡೆರಡು ಸಲ ಕೇಳಿದ. ಆಮೇಲೆ ತೀರ್ಪು ಕೊಟ್ಟ. ಗಾಡಿ ಎತ್ತು ಏದುಸಿರು ಬಿಡುವುದು ನೊಗ ಇಳಿಸಿದ ಮೇಲೆಯೇ. ಭಾರ ಇರುವ ತನಕ ಮೈ ಬಿಗಿಯಾಗಿರುತ್ತದೆ. ಭಾರವನ್ನು ಥಟ್ಟನೆ ತೆಗೆದರೆ ಎದೆ ಸಡಿಲಾಗಿ, ಒಳಗಿನ ಗಾಳಿ ದಿಕ್ಕು ತಪ್ಪುತ್ತದೆ.

"ಕಾಯಿಲೆ ಹೊರೋದ್ರಲ್ಲಿಲ್ಲ ತಾಯಿ, ಇಳಿಸೋದ್ರಲ್ಲಿದೆ," ಎಂದ. "ಇಳಿಸಬೇಡ. ಅವನು ನೋಡೋದೆಲ್ಲ ನೋಡಿ ಮುಗಿಸಲಿ, ಲಾರಿ ಬರಲಿ, ಆಮೇಲೆ ಮೆಲ್ಲಗೆ ಒಂದು, ಮೆಲ್ಲಗೆ ಇನ್ನೊಂದು."

ಹೊರುವುದೇ ಕೆಲಸವಾದವರಿಗೆ ಇದು ಸರಿಯಾದ ಮಾತಾಗಿ ಕೇಳಿಸಿತು. ಹಾಲತ್ತೆಗೆ ಇನ್ನೂ ಹೆಚ್ಚು ಹಿತವಾಯಿತು, ಯಾಕೆಂದರೆ ಅದರಲ್ಲಿ ಕೆಲಸ ಬಿಡು ಎಂಬ ಮಾತಿರಲಿಲ್ಲ. ಮರುದಿನದಿಂದ ಅವಳು ಮೇಲೆ ಹೋಗಿಯೂ ಅಡ್ಡೆ ಇಳಿಸಲಿಲ್ಲ. ಮೂವತ್ತು ಲೀಟರ್ ಹಾಲನ್ನು ಹೆಗಲ ಮೇಲಿಟ್ಟುಕೊಂಡೇ ಗೂಡಿನ ಮುಂದೆ ನಿಂತಳು. ಡಿಗ್ರಿ ಸೀಸೆಗಳ ಪಟ್ಟಿಯನ್ನು ಅವಳ ಬೆನ್ನಿನಿಂದ ತಾನೇ ಬಿಚ್ಚಿಕೊಳ್ಳಬೇಕಾಯಿತು. ಮೂರನೇ ಸೀಸೆಗೆ ಉಬ್ಬಸ ಬಂತು. ಅವಳು ಇಳಿಸಲಿಲ್ಲ. ಎರಡನೇ ದಿನ ಸ್ವಲ್ಪ ಕಡಿಮೆಯಾಯಿತು ಎಂದು ಅವಳಿಗೆ ಅನ್ನಿಸಿತು. ಆ ದಿನ ಮೋಡವಾಗಿ ಚಳಿ ಬಿಟ್ಟಿತ್ತು, ಅದನ್ನು ಯಾರೂ ಲಕ್ಷಿಸಲಿಲ್ಲ. ಬಡಗಿಯ ಮಾತು ಫಲಿಸಿತೆಂದು ತಗ್ಗಿನಲ್ಲಿ ಹೇಳಿಕೊಂಡರು.

ಆರನೇ ದಿನ ಬಯಲೆಲ್ಲ ಬಿಳಿಯಾಗುವಷ್ಟು ಚಳಿ. ಏಳನೇ ಸೀಸೆ ಕೊಳವೆಗೆ ಸುರಿಯುತ್ತಿದ್ದ ಡಿಗ್ರಿ ತಲೆ ಎತ್ತಿ ನೋಡಿದಾಗ ಅವಳ ತುಟಿ ಬೂದಿಯಾಗಿತ್ತು, ಭುಜಗಳು ಕಿವಿಯ ತನಕ ಏರಿದ್ದವು. ಇಳಿಸು ಎಂದು ಅವನು ಹೇಳುವುದರೊಳಗೆ ಮೊಣಕಾಲು ಮಡಚಿತು. ಅಡ್ಡೆ ಓರೆಯಾಗಿ ಒಂದು ಕ್ಯಾನು ಕಲ್ಲಿಗೆ ಬಡಿದು ಉರುಳಿತು. ಏಳು ಮನೆಗಳ ಹಾಲು ರಸ್ತೆಯ ಪಕ್ಕದ ಚರಂಡಿಗೆ ಹರಿಯಿತು. ಇನ್ನೊಂದು ಕ್ಯಾನನ್ನು ಅವಳು ಕೂತಲ್ಲೇ ತಬ್ಬಿ ಹಿಡಿದಿದ್ದಳು. ಡಿಗ್ರಿ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಹಾಲು ಚೆಲ್ಲಿದ್ದಕ್ಕೆ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಉತ್ತರ ಕೊಡುವುದಾದರೂ ಇರುತ್ತಿತ್ತು. ಎಲ್ಲರೂ ಕನಿಕರ ತೋರಿಸಿದರು. ಪಾಪ, ಎಷ್ಟು ವರ್ಷ ಅಂತ ಹೊರ್ತಾಳೆ ಎಂದರು. ಮೂರನೇ ಮನೆಯಲ್ಲಿ ಒಬ್ಬ ಮನೆಅಳಿಯನಿದ್ದ, ಮದುವೆಯಾಗಿ ಬಂದು ಎರಡು ವರ್ಷವಾದರೂ ಇಂಥದ್ದೇ ಎಂದು ಕೆಲಸವಿಲ್ಲದೆ ಆ ಮನೆಯವಳಾದ ತನ್ನ ಅತ್ತೆಯ ಕಣ್ಣಿಗೆ ಬೀಳದಂತೆ ಓಡಾಡಿಕೊಂಡಿದ್ದವನು. ಸದ್ಯಕ್ಕೆ ಅವನು ಹೊರಲಿ ಎಂದು ತೀರ್ಮಾನವಾಯಿತು. ಸದ್ಯಕ್ಕೆ ಎಂಬ ಮಾತನ್ನು ಬಡಗಿ ಎರಡು ಸಲ ಹೇಳಿದ, ಹಾಲತ್ತೆಯ ಮುಖ ನೋಡದೆ.

ತಮ್ಮ ಅವಳನ್ನು ಎರಡು ಮೈಲಿ ಆಚೆಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ. ಅಲ್ಲಿನ ನರ್ಸಮ್ಮ ದಪ್ಪ ಕನ್ನಡಕದ, ಕೂತೇ ಮಾತಾಡುವ ಹೆಂಗಸು. ಎದೆಗೆ ಕೊಳವೆ ಇಟ್ಟು ಕೇಳಿದಳು. ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದಳು. ಅದರ ಪಕ್ಕದಲ್ಲಿ ಅಂಕಿಗಳಿದ್ದವು, ಊದಿದ ಬಲಕ್ಕೆ ತಕ್ಕಂತೆ ಕೆಂಪು ಮುಳ್ಳೊಂದು ಸರಿಯುತ್ತಿತ್ತು. ಮುಳ್ಳು ಮುನ್ನೂರ ಎಪ್ಪತ್ತಕ್ಕೆ ಹೋಗಿ ನಿಂತಿತು. ಮೂರು ಸಲ ಊದಿಸಿದಳು, ಮೂರು ಸಲವೂ ಅಲ್ಲಿಗೇ ಹೋಯಿತು. ಎದೆ ಚೆನ್ನಾಗಿದೆ, ನನ್ನದಕ್ಕಿಂತ ಚೆನ್ನಾಗಿದೆ ಎಂದಳು. ಅದು ಮಧ್ಯಾಹ್ನದ ಹನ್ನೆರಡು ಗಂಟೆ. ಹಾಲತ್ತೆ ತಗ್ಗಿನ ಏರಿಲ್ಲದ ದಾರಿಯಲ್ಲಿ ಬಂದು, ಒಂದು ಗಂಟೆ ಬೆಂಚಿನ ಮೇಲೆ ಕಾದಿದ್ದಳು. ಬೆಟ್ಟದ ವಿಷಯವನ್ನು ತಮ್ಮ ಹೇಳಲು ಹೊರಟಾಗ ಅವಳೇ ಅವನ ಮಾತನ್ನು ಕಡಿದು, ಆವಾಗಾವಾಗ ಸ್ವಲ್ಪ ಆಯಾಸ ಆಗುತ್ತೆ ಅಷ್ಟೇ ಎಂದಳು. ಹೊರಬಾರದು ಎಂದು ಆ ಕನ್ನಡಕದ ಹಿಂದಿನಿಂದ ಒಂದು ಮಾತು ಬಂದುಬಿಟ್ಟರೆ ಅದನ್ನು ಅಳಿಸುವವರು ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಏನೂ ಇಲ್ಲ ಎಂಬುದು ಅವಳಿಗೆ ಅನುಕೂಲವಾಗಬೇಕಿತ್ತು. ಆಗಲಿಲ್ಲ. ಕಾಯಿಲೆ ಇಲ್ಲದಿದ್ದರೆ ಮತ್ತೆ ವಯಸ್ಸು ಎಂದರು ತಗ್ಗಿನವರು. ಕಾಯಿಲೆಗಾದರೆ ಔಷಧಿ ಉಂಟು.

ಹದಿನೈದು ದಿನ ಅವಳು ಮನೆಯಲ್ಲಿದ್ದಳು. ಹದಿನೈದು ದಿನವೂ ಒಮ್ಮೆಯೂ ಉಬ್ಬಸ ಬರಲಿಲ್ಲ. ಇದನ್ನು ನೋಡಿ ಎಲ್ಲರಿಗೂ ಸಮಾಧಾನವಾಯಿತು. ಬೆಳಗ್ಗೆ ಐದಕ್ಕೆ ಎದ್ದು, ಮಾಡಲು ಏನೂ ಇಲ್ಲದೆ, ತಮ್ಮನ ಹೆಂಡತಿ ಏಳುವುದರೊಳಗೆ ಒಲೆ ಹೊತ್ತಿಸುತ್ತಿದ್ದಳು. ತಮ್ಮನ ಹೆಂಡತಿ ಎದ್ದು ಬಂದು, ಹೊತ್ತಿದ ಒಲೆಯನ್ನು ಒಂದು ಕ್ಷಣ ನೋಡಿ, ಕಟ್ಟಿಗೆಯನ್ನು ತನಗೆ ಬೇಕಾದಂತೆ ಹೊರಳಿಸುತ್ತಿದ್ದಳು. ಹಾಲತ್ತೆ ತರಕಾರಿ ಹೆಚ್ಚಿದರೆ ಹೋಳು ದಪ್ಪವಾಗುತ್ತಿತ್ತು. ಪಾತ್ರೆ ತೊಳೆದಿಟ್ಟರೆ ದೊಡ್ಡದರ ಕೆಳಗೆ ಚಿಕ್ಕದು ಹೋಗಿರುತ್ತಿತ್ತು. ಊಟಕ್ಕೆ ಕರೆದಾಗ, ಆಮೇಲೆ ಮಾಡ್ತೀನಿ ಎನ್ನತೊಡಗಿದಳು. ಪಕ್ಕದ ಮನೆಯ ಚಿಕ್ಕ ಮಗು ಒಮ್ಮೆ, ಅತ್ತೆ ನೀನು ಇನ್ನು ಹಾಲತ್ತೆ ಅಲ್ವಾ ಎಂದು ಕೇಳಿತು. ತಮ್ಮನ ಹೆಂಡತಿ ಅದಕ್ಕೊಂದು ಗದರಿಕೆ ಹಾಕಿ ಹೊರಗೆ ಕಳಿಸಿದಳು.

ಅಳಿಯ ಚೆನ್ನಾಗಿಯೇ ಹೊರುತ್ತಿದ್ದ. ಹಾಲು ತಡವಾಗಲಿಲ್ಲ, ಚೆಲ್ಲಲಿಲ್ಲ. ಹೆಗಲು ಮೂರು ದಿನ ಊದಿಕೊಂಡಿತ್ತು, ಆಮೇಲೆ ಹೊಂದಿಕೊಂಡಿತು. ತಪ್ಪು ಹುಡುಕಲು ಹಾಲತ್ತೆ ನೋಡಿದಳು, ಸಿಗಲಿಲ್ಲ.

ಡಿಗ್ರಿಗೆ ಸಮಾಧಾನವಿರಲಿಲ್ಲ. ಅವನ ಪುಸ್ತಕದಲ್ಲಿ ಹಾಲಿನ ಅಂಕಿಗಳ ಪಕ್ಕದಲ್ಲಿ ಅವಳ ಉಬ್ಬಸದ ಗುರುತೂ ಇತ್ತು. ಎಲ್ಲ ದಿನವೂ ಮೂರರಲ್ಲಿ ಶುರು, ಏಳರಲ್ಲಿ ಜೋರು. ಇಷ್ಟು ಕಟ್ಟುನಿಟ್ಟಾಗಿ ಬರುವುದು ಏನೂ ಇಲ್ಲದ್ದು ಹೇಗಾಗುತ್ತದೆ ಎಂಬುದು ಅವನ ಪ್ರಶ್ನೆ. ಒಂದು ದಿನ ಕೆಲಸ ಮುಗಿಸಿ ಮೋಟರ್‌ಸೈಕಲ್ ಹತ್ತಿ ನರ್ಸಮ್ಮನ ಹತ್ತಿರ ಹೋಗಿ ಪುಸ್ತಕ ತೆರೆದು ತೋರಿಸಿದ. ನರ್ಸಮ್ಮ ಓದಿದಳು. ಅವಳು ಇದನ್ನು ನನಗೆ ಹೇಳಲೇ ಇಲ್ಲ ಎಂದಳು. ಹೇಳುವುದಿಲ್ಲ, ಹೇಳಿದರೆ ನೀವು ಬಿಡಿಸ್ತೀರಿ ಎಂದು ಡಿಗ್ರಿ ಹೇಳಿದ. ನರ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಸಂತೆಗೆ ಬಂದ ಎತ್ತನ್ನು ಕಟ್ಟಿಹಾಕಿ ಅದರ ನಡಿಗೆ ನೋಡಿದಂತಾಯಿತು ನನ್ನ ಪರೀಕ್ಷೆ ಎಂದಳಂತೆ.

ಅಳಿಯನ ಕೈಲಿ ಹೇಳಿಕಳಿಸಿದರು. ನಾಳೆ ಹಾಲನ್ನು ಹಾಲತ್ತೆಯೇ ತರಬೇಕು, ಎಂದಿನಷ್ಟೇ ಹೊರೆ, ಎಂದಿನದೇ ಹೆಜ್ಜೆ. ಹಾಲತ್ತೆ ಮೊದಲು ಒಲ್ಲೆನೆಂದಳು. ತಮ್ಮ, ನಿನ್ನಿಷ್ಟ ಅಕ್ಕ ಎಂದ. ಅವಳು ಕೂತು ಯೋಚಿಸಿದಳು. ತೋರಿಸಿದರೂ ಕೆಲಸ ಹೋಗುತ್ತದೆ, ತೋರಿಸದಿದ್ದರೂ ಹೋಗಿಯೇ ಬಿಟ್ಟಿದೆ. ಬೆಳಗ್ಗೆ ಎದ್ದು ಅಡ್ಡೆ ತೆಗೆದುಕೊಂಡಳು.

ಅವಳು ಹತ್ತಿದಳು. ಅಳಿಯ ಬರಿಗೈಲಿ ಹಿಂದೆ ಬಂದ, ಬಿದ್ದರೆ ಹಿಡಿಯಲೆಂದು. ಐದನೇ ತಿರುವಿನಲ್ಲಿ ಅವನೇ, ಸ್ವಲ್ಪ ನಿಧಾನ ಅತ್ತೆ ಎಂದು ಕೇಳಿಕೊಂಡ. ಮೇಲೆ ನರ್ಸಮ್ಮ ಗೂಡಿನ ಮುಂದೆ ಸ್ಟೂಲಿನ ಮೇಲೆ ಶಾಲು ಹೊದ್ದು ಕೂತಿದ್ದಳು, ಕೈಯಲ್ಲಿ ಊದುವ ಕೊಳವೆ. ಹಾಲತ್ತೆ ಹೊರೆ ಇಳಿಸಿದ ಕೂಡಲೇ ಊದಿಸಿದಳು. ಮುಳ್ಳು ಮುನ್ನೂರ ಎಂಬತ್ತಕ್ಕೆ ಹೋಯಿತು, ಕೂತಿದ್ದಾಗ ಊದಿದ್ದಕ್ಕಿಂತ ಹತ್ತು ಹೆಚ್ಚು. ಅಳಿಯ ನಕ್ಕ. ನರ್ಸಮ್ಮ ನಗಲಿಲ್ಲ, ಡಿಗ್ರಿಯ ಕಡೆ ತಿರುಗಿ, ನಿನ್ನ ಕೆಲಸ ನೀನು ಮಾಡು ಎಂದಳು.

ಡಿಗ್ರಿ ಮೊದಲ ಸೀಸೆ ತೆಗೆದ. ಎರಡನೆಯದು ತೆಗೆದ. ಮೂರನೆಯದಕ್ಕೆ ನರ್ಸಮ್ಮ ಮತ್ತೆ ಊದಿಸಿದಳು. ಮುನ್ನೂರ ಹತ್ತು. ಐದನೆಯದಕ್ಕೆ ಇನ್ನೂರ ಎಪ್ಪತ್ತು. ಏಳನೆಯದಕ್ಕೆ ಹಾಲತ್ತೆಗೆ ಕೊಳವೆ ಕಚ್ಚಿಕೊಳ್ಳುವುದೇ ಕಷ್ಟವಾಯಿತು. ಊದಿದಳು, ಮುಳ್ಳು ಇನ್ನೂರ ಮೂವತ್ತನ್ನು ದಾಟಲಿಲ್ಲ. ನರ್ಸಮ್ಮ ಚೀಲದಿಂದ ಒಂದು ಪುಟ್ಟ ಪಂಪು ತೆಗೆದು, ಬಾಯಿಗಿಡಿಸಿ, ಒತ್ತಿದಾಗ ಒಳಗೆಳೆದುಕೊಂಡು ಹತ್ತು ಎಣಿಸುವ ತನಕ ಹಿಡಿದಿರಲು ಹೇಳಿದಳು. ಅದನ್ನೇ ಇನ್ನೊಂದು ಸಲ ಮಾಡಿಸಿದಳು. ಹದಿನಾಲ್ಕನೇ ಸೀಸೆ ಮುಗಿಯುವಾಗ ಮುಳ್ಳು ಮುನ್ನೂರ ಐವತ್ತಕ್ಕೆ ಬಂದಿತ್ತು. ಡಿಗ್ರಿ ಎಲ್ಲವನ್ನೂ ಹಾಲಿನ ಪುಸ್ತಕದಲ್ಲೇ ಬರೆದುಕೊಂಡ.

ಆಮೇಲೆ ನರ್ಸಮ್ಮ ಹೇಳಿದಳು, ಅವಳಿಗೂ ಅಳಿಯನಿಗೂ ಅರ್ಥವಾಗುವ ಹಾಗೆ.

"ಮೂಗು ಅಂದ್ರೆ ಮನೆ ಬಾಗಿಲ ಜಗಲಿ ಇದ್ದ ಹಾಗೆ. ಹೊರಗಿನ ಗಾಳೀನ ಅಲ್ಲಿ ಸ್ವಲ್ಪ ಕೂರಿಸಿ, ಬೆಚ್ಚಗೆ ಮಾಡಿ, ಒದ್ದೆ ಮಾಡಿ ಒಳಗೆ ಬಿಡುತ್ತೆ. ಹೊರೆ ಹೊತ್ತು ಹತ್ತೋವಾಗ ಮೂಗು ಸಾಲಲ್ಲ, ಬಾಯಿ ತೆರೀತೀರಿ. ಈ ತಣ್ಣಗಿರೋ ಒಣಗಾಳಿ ಜಗಲೀಲಿ ಕೂರದೆ ಸೀದಾ ನುಗ್ಗುತ್ತೆ. ಎದೆಯೊಳಗಿನ ಕೊಳವೆಗಳು ಒಣಗ್ತವೆ. ನಿಮ್ಮ ಕೊಳವೆಗಳಿಗೆ ಸಿಟ್ಟು ಜಾಸ್ತಿ, ಒಣಗಿದ್ರೆ ಬಿಗಿದುಕೊಳ್ತವೆ. ಇದು ಅಸ್ತಮಾ."

ಮತ್ತೆ ಹತ್ತೋವಾಗಲೇ ಯಾಕೆ ಬರಲ್ಲ ಎಂದು ಅಳಿಯ ಕೇಳಿದ.

ಹತ್ತುವಾಗ ಮೈ ತಾನೇ ಕೊಳವೆಗಳನ್ನು ತೆರೆದು ಹಿಡಿದಿರುತ್ತದೆ, ನಿಂತ ಮೇಲೆ ಕೈ ಬಿಡುತ್ತದೆ ಎಂದಳು. ಬಡಗಿ ಕಂಡದ್ದು ಸರಿಯೇ, ನಿಂತ ಮೇಲೆ ಬರುತ್ತದೆ. ಆದರೆ ಭಾರ ಇಳಿಸಿದ್ದರಿಂದ ಬಂದದ್ದಲ್ಲ. ಇಳಿಸದೆ ನಿಂತರೆ ಕಾಯಿಲೆಯ ಜೊತೆ ಹೊರೆಯೂ ಸೇರಿ ಎರಡಾಗುತ್ತದೆ, ಆದದ್ದೂ ಅದೇ.

ಹಾಲತ್ತೆ ಇಷ್ಟನ್ನೂ ಕೇಳಿಸಿಕೊಂಡಳೋ ಇಲ್ಲವೋ. ಅವಳು ಕೇಳಿದ್ದು ಒಂದೇ.

"ಹೊರಬಹುದಾ?"

ನರ್ಸಮ್ಮ ಬೆರಳು ಮಡಚುತ್ತ ಹೇಳತೊಡಗಿದಳು. ಮೊದಲು ಪೇಟೆಯ ಡಾಕ್ಟರಿಗೆ ತೋರಿಸಬೇಕು, ಚೀಟಿ ಬರೆದುಕೊಡುತ್ತೇನೆ. ಅವರು ದಿನಾ ತೆಗೆದುಕೊಳ್ಳುವ ಇನ್ನೊಂದು ಔಷಧಿ ಕೊಡುತ್ತಾರೆ, ಚೆನ್ನಾಗಿದ್ದೀನಿ ಅಂತ ಅದನ್ನು ಬಿಡಬಾರದು. ಹತ್ತುವ ಕಾಲು ಗಂಟೆ ಮೊದಲು ಈ ಪಂಪು. ಮೂಗು ಬಾಯಿಗೆ ಬಟ್ಟೆ. ಎದ್ದವಳೇ ಹೊರೆ ಹೊತ್ತು ಓಡಬಾರದು. ಮೊದಲು ಬರಿಗೈಲಿ ಸ್ವಲ್ಪ ದೂರ ಹತ್ತಿ ಇಳಿದು ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಮೇಲೆ ಬಂದ ಮೇಲೆ ಇಳಿಸಿ ಕೂರಬೇಕು. ಪಂಪಿಗೂ ಬಗ್ಗದಿದ್ದರೆ ಕಾಯದೆ ಕೇಂದ್ರಕ್ಕೆ ಬರಬೇಕು, ಡಿಗ್ರಿಯ ಮೋಟರ್‌ಸೈಕಲ್ ಇದೆ. ಇಷ್ಟೆಲ್ಲ ಹೇಳಿ, ಹೊರಬೇಡಿ ಅಂತ ಮಾತ್ರ ನಾನು ಹೇಳಿಲ್ಲ ಎಂದಳು.

ಪೇಟೆಯ ಡಾಕ್ಟರನ್ನು ಕಂಡು ಬಂದು ಹತ್ತು ದಿನ ಕಳೆದ ಮೇಲೆ, ಒಂದು ಸಂಜೆ ಎಲ್ಲರೂ ಚಪ್ಪಡಿ ಕಲ್ಲಿನ ಹತ್ತಿರ ಸೇರಿದರು. ಹಾಲತ್ತೆ ಜಗಲಿಯ ತುದಿಯಲ್ಲಿ ಕೂತಿದ್ದಳು. ಈಗ ಕಾಯಿಲೆಗೆ ಹೆಸರು ಬಂದಿತ್ತು. ಹೆಸರು ಬಂದದ್ದರಿಂದ ಜನರಿಗೆ ಹೆದರಿಕೆಯೂ ಬಂದಿತ್ತು. ಅಸ್ತಮಾ ಇರುವವಳ ಹೆಗಲ ಮೇಲೆ ಹೊರೆ ಇಡುವುದು ನಮಗೇ ಒಳ್ಳೆಯದಲ್ಲ ಎಂದು ಒಬ್ಬರು, ನಾಳೆ ಏನಾದರೂ ಆದರೆ ಯಾರ ಮೇಲೆ ಬರುತ್ತದೆ ಎಂದು ಇನ್ನೊಬ್ಬರು. ಕೊನೆಗೆ ಬಡಗಿ ಎಲ್ಲರಿಗೂ ಒಪ್ಪುವಂಥದ್ದೊಂದನ್ನು ಹೇಳಿದ. ಚಳಿಯ ಮೂರು ತಿಂಗಳು ಅಳಿಯ ಹೊರಲಿ. ಉಳಿದ ಒಂಬತ್ತು ತಿಂಗಳು ಹಾಲತ್ತೆ ಹೊರಲಿ. ಕಾಯಿಲೆಯೂ ಕೆಣಕಿದಂತಾಗುವುದಿಲ್ಲ, ಕೆಲಸವೂ ಹೋದಂತಾಗುವುದಿಲ್ಲ. ತಲೆಗಳು ಆಡಿದವು. ನ್ಯಾಯವಾದ ಮಾತು ಎಂದರು. ಹಾಲತ್ತೆಗೂ ಅದು ನ್ಯಾಯವೆಂದೇ ಕಂಡಿತು. ಮೂರು ತಿಂಗಳಾದ ಮೇಲೆ ಆರು ತಿಂಗಳಾಗುತ್ತದೆ, ಆರಾದ ಮೇಲೆ ಎಲ್ಲವೂ ಆಗುತ್ತದೆ ಎಂಬುದೂ ಕಂಡಿತು.

ಆಗ ತಮ್ಮನ ಹೆಂಡತಿ, ಒಳಗಿನಿಂದ ಕೈ ಒರೆಸಿಕೊಂಡು ಬಂದು ಹೊಸ್ತಿಲಲ್ಲಿ ನಿಂತವಳು, ನನ್ನದೊಂದು ಮಾತಿದೆ ಎಂದಳು. ಅವಳು ಇಂಥ ಜಾಗದಲ್ಲಿ ಮಾತಾಡುವವಳಲ್ಲ. ತಮ್ಮ ಹುಬ್ಬು ಗಂಟಿಕ್ಕಿದ. ಅವಳು ನೋಡಲಿಲ್ಲ.

"ಅತ್ತಿಗೆ ಇಷ್ಟು ದಿನ ಮನೇಲಿದ್ರು. ಅವರಿಗೆ ಒಂದು ದಿನಾನೂ ಉಬ್ಬಸ ಬರಲಿಲ್ಲ, ನಿಜ. ನನಗೆ ಬಂತು."

ಹೆಂಗಸರ ಕಡೆಯಿಂದ ನಗು ಎದ್ದಿತು. ಅವಳು ನಗಲಿಲ್ಲ.

"ನಗೋ ಮಾತಲ್ಲ. ಅವರು ಒಳ್ಳೆಯವರು, ನಾನೂ ಅಷ್ಟೇನು ಕೆಟ್ಟವಳಲ್ಲ. ಆದ್ರೆ ಚಳಿಗಾಲ ಅಂದ್ರೆ ಬಾಗಿಲು ಹಾಕಿಕೊಂಡು ಒಂದೇ ಒಲೆ ಮುಂದೆ ಎಲ್ಲರೂ ಕೂರೋ ಕಾಲ. ಸರಿಯಾಗಿ ಆ ಮೂರು ತಿಂಗಳೇ ಅವರನ್ನ ಒಳಗೆ ಕೂರಿಸ್ತೀವಿ ಅಂತೀರಲ್ಲ. ಅವರು ಊಟ ಅರ್ಧ ಮಾಡಿದ್ದಾರೆ, ನಿಮಗೆ ಗೊತ್ತಾ? ತಟ್ಟೆ ಹಾಕಿದ್ರೆ ಆಮೇಲೆ ಅಂತಾರೆ. ಔಷಧಿ ಇದೆ, ನರ್ಸಮ್ಮ ಹೊರಬಹುದು ಅಂದಿದ್ದಾರೆ. ಅವರನ್ನ ಮನೇಲಿ ಕೂರಿಸಿದ್ರೆ, ಆ ಮೂರು ತಿಂಗಳು ಹಾಲು ನಾನು ಹೊರ್ತೀನಿ. ಅಡುಗೆ ನೀವೇ ಯಾರಾದ್ರೂ ಬಂದು ಮಾಡಿ."

ಮೂರನೇ ಮನೆಯವಳು ಮೊದಲು ಒಪ್ಪಿದಳು, ಹಾಲು ಹೊರದಿದ್ದರೂ ಅಳಿಯನಿಗೆ ತನ್ನ ಕೊಟ್ಟಿಗೆಯಲ್ಲಿ ಕೆಲಸ ಇದೆ ಎಂಬಂತೆ. ಅಳಿಯ ನೆಲ ನೋಡುತ್ತಿದ್ದ. ಅವನಿಗೂ ಹಾಲಿನ ಕೆಲಸದಿಂದ ಅತ್ತೆಯ ಮನೆಯಲ್ಲಿ ಸ್ವಲ್ಪ ಬೆನ್ನು ನೇರವಾಗಿತ್ತು, ಅದನ್ನು ಆ ಸಂಜೆ ಹಾಲತ್ತೆ ಒಬ್ಬಳೇ ಗಮನಿಸಿದಳು. ಬಡಗಿ ಗಡ್ಡ ಕೆರೆದುಕೊಂಡು, ಆಗಲಿ ಎಂದ. ಅವಳೇ ಹೊರಲಿ, ಆದರೆ ಅವಳಿಂದ ಒಂದು ದಿನ ಲಾರಿ ತಪ್ಪಿದರೂ ಚಳಿಗಾಲ ಅಳಿಯನದ್ದು. ಹಾಲತ್ತೆ ಎದ್ದು ನಿಂತು, ತಪ್ಪಿಸಲ್ಲ ಎಂದಳು. ಭಾನುವಾರ ಅವನು ಹೊರಲಿ, ನನಗೂ ಒಂದು ದಿನ ಬೇಕು ಎಂದು ಸೇರಿಸಿದಳು. ಅದನ್ನು ಅವಳು ಮೊದಲೇ ಯೋಚಿಸಿರಲಿಲ್ಲ.

ಮರುದಿನ ಐದಕ್ಕೇ ಎದ್ದು ಪಂಪು ಎಳೆದುಕೊಂಡಳು. ಬಾಯಿಗೆ ಬಟ್ಟೆ ಕಟ್ಟಿ, ಬರಿಗೈಲಿ ಎರಡನೇ ತಿರುವಿನ ತನಕ ಹತ್ತಿ, ಇಳಿದು ಬಂದಳು. ಹಾಲು ತಂದು ನಿಂತಿದ್ದ ಹೆಂಗಸರು ಏನು ಮರೆತೆ ಎಂದು ಕೇಳಿದರು. ಏನೂ ಮರೆತಿಲ್ಲ, ಎದೆ ಎಬ್ಬಿಸಿಕೊಂಡು ಬಂದೆ ಎಂದಳು. ಹಾಲು ಸೋಸಿ ತುಂಬಿಕೊಂಡು ಹೊರಟಳು. ಬಟ್ಟೆಯೊಳಗೆ ಉಸಿರು ಬಿಸಿಯಾಗಿ ಒದ್ದೆಯಾಗಿ ಮುಖಕ್ಕೆ ಮರಳಿ ಬಡಿಯುತ್ತಿತ್ತು. ಅದು ಹಿತವಾಗಿರಲಿಲ್ಲ, ಆದರೆ ಅದರಲ್ಲೇ ಏಳು ತಿರುವು ಮುಗಿಯಿತು. ಎಂದಿಗಿಂತ ಮೂರು ನಿಮಿಷ ತಡ.

ಮೇಲೆ ಅಡ್ಡೆ ಇಳಿಸಿ, ನರ್ಸಮ್ಮ ಬಿಟ್ಟುಹೋಗಿದ್ದ ಸ್ಟೂಲಿನ ಮೇಲೆ ಕೂತಳು. ಡಿಗ್ರಿ ಸೀಸೆಗಳನ್ನು ಎತ್ತತೊಡಗಿದ. ಮೂರನೆಯದು ಹೋಯಿತು. ಏಳನೆಯದಕ್ಕೆ ಎದೆ ಸ್ವಲ್ಪ ಬಿಗಿಯಿತು, ಎರಡು ಸಲ ಕೆಮ್ಮು ಬಂತು. ಪಂಪನ್ನು ಕೈಯಲ್ಲಿ ಹಿಡಿದು ಕಾದಳು. ಬಿಗಿ ಏರಲಿಲ್ಲ, ಪೂರ್ತಿ ಇಳಿಯಲೂ ಇಲ್ಲ. ಡಿಗ್ರಿ ಅವಳ ಕಡೆ ನೋಡದೆ ಪುಸ್ತಕದಲ್ಲಿ ಏನೋ ಬರೆದ. ಹದಿಮೂರನೆಯ ಮನೆಯ ಹಾಲು ತೆಳುವಾಗಿದೆ, ಹೋಗಿ ಹೇಳು ಎಂದ. ಹೇಳ್ತೀನಿ ಎಂದಳು.

ಲಾರಿ ಬಂದು ನಿಂತಿತು. ಕ್ಯಾನುಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತ ಡ್ರೈವರು, ಎಲ್ಲಿ ನಿಮ್ಮ ಅಳಿಯ ಎಂದು ಕೇಳಿದ.

"ಮಲಗಿದ್ದಾನೆ," ಎಂದಳು ಹಾಲತ್ತೆ. "ಮಲಗಲಿ ಬಿಡು."

ಖಾಲಿ ಕ್ಯಾನುಗಳನ್ನು ಇಸಿದುಕೊಂಡು, ಅಡ್ಡೆಗೆ ಸಿಕ್ಕಿಸಿ, ಹದಿಮೂರನೇ ಮನೆಯವಳಿಗೆ ಈ ಮಾತನ್ನು ಜಗಳವಾಗದ ಹಾಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಇಳಿಯತೊಡಗಿದಳು.